ರೆಕಾರ್ಡಿಂಗ್ ನಡುವೆ ಪಟ್ ಪಟ್ ಸದ್ದು: ಕಾರಣ ಹುಡುಕಲು ಯಾವ ಟೂಲ್?

ಲೇಟೆನ್ಸಿಮಾನ್ ಎಂಬ, ವಿಂಡೋಸ್‌ನಲ್ಲಿ ತಡ ಮಾಡುವ ಡ್ರೈವರ್‌ಗಳನ್ನು ಅಳೆದು ತೋರಿಸುವ ಟೂಲ್ ಸಿಗದಿದ್ದರೆ ನಾನು ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಹೊಸ ಆಡಿಯೋ ಇಂಟರ್ಫೇಸ್‌ಗೆ ದುಡ್ಡು ಸುರಿದಿರುತ್ತಿದ್ದೆ. ಮನೆಯಲ್ಲಿ ದನಿ ರೆಕಾರ್ಡ್ ಮಾಡುವಾಗ ನಡುನಡುವೆ ಪಟ್ ಪಟ್ ಸದ್ದು. ಅಂಗಡಿಯವರು ಇಂಟರ್ಫೇಸ್ ಬದಲಿಸಿ ಎಂದರು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಪ್ರೊಸೆಸರ್ ಸುಮ್ನೆ ಕೂತಿತ್ತು. ಹಾಗಿದ್ದರೆ ಇಂಟರಪ್ಟ್, ಅಂದರೆ ಸಾಧನಗಳು ಪ್ರೊಸೆಸರನ್ನು ನಡುವೆ ತಡೆದು ಕರೆಯುವ ಸಂಕೇತದ ಮೇಲೇ ಅನುಮಾನ ಬರಬೇಕು.

ವೈಫೈ, ಗ್ರಾಫಿಕ್ಸ್, ಯುಎಸ್‌ಬಿ ಯಾವುದೇ ಆಗಲಿ, ಪ್ರೊಸೆಸರನ್ನು ಕರೆದಾಗ ಅದರ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ತುರ್ತು ಕೆಲಸವಷ್ಟೇ ಮುಗಿಸಿ ಉಳಿದದ್ದನ್ನು ಡಿಪಿಸಿ (ಮುಂದೂಡಿದ ಕೆಲಸ) ಆಗಿ ಸರದಿಗೆ ಹಾಕುತ್ತದೆ. ಅದು ಓಡುವಷ್ಟು ಹೊತ್ತು ಆ ಕೋರ್‌ನಲ್ಲಿ ಆಡಿಯೋ ಕೆಲಸ ಕಾಯಲೇಬೇಕು. ಒಂದು ಡಿಪಿಸಿ 100 ಮೈಕ್ರೋಸೆಕೆಂಡ್ ದಾಟಬಾರದು ಎಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ (ಸದ್ದಿನ ತುಣುಕುಗಳನ್ನು ಕೂಡಿಡುವ ಜಾಗ) ಇಟ್ಟರೆ ಸಿಗುವ ಸಮಯವೇ ಸುಮಾರು 2.7 ಮಿಲಿಸೆಕೆಂಡ್. ಅಷ್ಟರಲ್ಲಿ ಆಡಿಯೋ ಕೆಲಸ ಮುಗಿಯದಿದ್ದರೆ ಪಟ್ ಸದ್ದು.

ಈ ತಡ ಅಳೆಯುವ ವಿಂಡೋಸ್ 7 ಕಾಲದ ಟೂಲ್ ಡಿಪಿಸಿ ಲೇಟೆನ್ಸಿ ಚೆಕರ್ ಈಗ ಬೇಡ. ವಿಂಡೋಸ್ 8ರಿಂದ ಈಚೆಗೆ, ಎಲ್ಲ ಸರಿಯಿದ್ದರೂ ಅದು 1000 ಮೈಕ್ರೋಸೆಕೆಂಡ್ ಹತ್ತಿರವೇ ತೋರಿಸುತ್ತದೆ.

ಲೇಟೆನ್ಸಿಮಾನ್ ಮನೆ ಬಳಕೆಗೆ ಉಚಿತ. ಸ್ಟಾರ್ಟ್ ಒತ್ತಿ, ಮಾಮೂಲಿ ಕೆಲಸ ಮಾಡುತ್ತಾ ಒಂದಷ್ಟು ಹೊತ್ತು ಬಿಡಿ. ಆಮೇಲೆ ಡ್ರೈವರ್ಸ್ ಟ್ಯಾಬ್‌ನಲ್ಲಿ ಯಾರು ಜಾಸ್ತಿ ಹೊತ್ತು ಹಿಡಿದರು ಎಂದು ನೋಡಿದರೆ ಸಾಕು.

ತಲೆನೋವು ಶುರುವಾಗುವುದೇ ಅಲ್ಲಿ. ನನ್ನ ಪಟ್ಟಿಯಲ್ಲಿ ಮೇಲೆ ಬಂದದ್ದು ಎನ್‌ಡಿಐಎಸ್ ಡಾಟ್ ಸಿಸ್. ಅದು ವಿಂಡೋಸ್‌ನದೇ ಫೈಲು, ನೆಟ್‌ವರ್ಕ್ ಡ್ರೈವರ್‌ಗಳೆಲ್ಲ ಅದರ ಮೂಲಕವೇ ಓಡುತ್ತವೆ. ತಂಟೆ ಬಾಡಿಗೆದಾರನದು, ದೂರು ಮನೆ ಮಾಲೀಕನ ಹೆಸರಿಗೆ! ಆ ಹೆಸರು ಹಿಡಿದು ವಿಂಡೋಸನ್ನೇ ಮತ್ತೆ ಹಾಕುವವರೂ ಇದ್ದಾರೆ. ಅಷ್ಟು ದೂರ ಹೋಗಬೇಡಿ. ಡಿವೈಸ್ ಮ್ಯಾನೇಜರ್‌ಗೆ ಹೋಗಿ ನೆಟ್‌ವರ್ಕ್ ಸಾಧನಗಳನ್ನು ಒಂದೊಂದಾಗಿ ಡಿಸೇಬಲ್ ಮಾಡಿ, ಪ್ರತಿ ಸಲ ಮತ್ತೆ ಅಳೆಯಿರಿ. ಬ್ಲೂಟೂತ್, ಲ್ಯಾನ್ ತೆಗೆದಾಗ ಏನೂ ಬದಲಾಗಲಿಲ್ಲ. ವೈಫೈ ತೆಗೆದೆ, ಅಂಕಿ ಧಡಕ್ಕನೆ ಇಳಿಯಿತು, ಸದ್ದೂ ನಿಂತಿತು. ಯುಎಸ್‌ಬಿಯಂಥ ಸಾಧನಗಳಲ್ಲಿ ಡಬ್ಲ್ಯೂಡಿಎಫ್01000 ಎಂಬ ಇನ್ನೊಂದು ವಿಂಡೋಸ್ ಫೈಲಿನ ಹೆಸರು ಬಂದರೂ ಇದೇ ಕಥೆ, ಇದೇ ದಾರಿ.

ವಿಂಡೋಸ್ ಪರ್ಫಾರ್ಮೆನ್ಸ್ ಅನಲೈಜರ್ ಇನ್ನೂ ಆಳಕ್ಕೆ ಇಳಿಯುತ್ತದೆ. ಅದೂ ಪುಕ್ಕಟೆ. ಸ್ಟ್ಯಾಕ್ (ಯಾರು ಯಾರನ್ನು ಕರೆದರು ಎಂಬ ಸಾಲು) ಬಿಡಿಸಿ ನೋಡಿದರೆ ಎನ್‌ಡಿಐಎಸ್ ಕರೆದ ಅಸಲಿ ಡ್ರೈವರ್ ಫೈಲಿನ ಹೆಸರೇ ಕಾಣುತ್ತದೆ. ಆದರೆ ಬೇರೆಯಾಗಿ ಟ್ರೇಸ್ (ಕಂಪ್ಯೂಟರ್ ಮಾಡಿದ ಕೆಲಸದ ದಾಖಲೆ) ಹಿಡಿಯಬೇಕು, ಸಿಂಬಲ್ (ಕೋಡಿನ ಹೆಸರುಗಳ ಪಟ್ಟಿ) ಇಳಿಸಿಕೊಳ್ಳಬೇಕು, ಕಾಲಂ ಜೋಡಿಸಬೇಕು. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಟ್ರೇಸ್ ತೆರೆಯುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು. ಡ್ರೈವರ್ ಬರೆಯುವವರಿಗೆ ಅದೇ ಸರಿ, ನನಗಲ್ಲ.

ನಾನು ವಾರಕ್ಕೊಮ್ಮೆ ರೆಕಾರ್ಡ್ ಮಾಡುವವನು. ಲೇಟೆನ್ಸಿಮಾನ್ ಜೊತೆಗೆ ಡಿವೈಸ್ ಮ್ಯಾನೇಜರ್ ಇದ್ದರೆ ನನ್ನ ಕೆಲಸಕ್ಕೆ ಸಾಕು. ವೈಫೈಗೆ ಹಳೆಯ ಡ್ರೈವರ್ ಹಾಕಿದ್ದೇನೆ. ಇಂಟರ್ಫೇಸ್ ಹಳೆಯದೇ ಇದೆ, ಉಳಿದ ದುಡ್ಡಿಗೆ ಒಳ್ಳೆ ಮೈಕ್ ಸ್ಟ್ಯಾಂಡ್ ಬಂತು.