ನಕಲಿ ಚಿತ್ರದ ಪತ್ತೆ: ಯಾವ ವಿಧಾನವನ್ನು ಎಷ್ಟು ನಂಬಬಹುದು?

ಸುಳ್ಳು ಚಿತ್ರವೆಂದೊಡನೆ ಫೋಟೋಶಾಪ್ ಅಥವಾ ಎಐ ಕೈವಾಡವನ್ನು ಶಂಕಿಸುವವರೇ ಹೆಚ್ಚು. ಆದರೆ ನಾನು ಪರಿಶೀಲಿಸಿದವುಗಳಲ್ಲಿ ಬಹುಪಾಲು ಅಸಲಿ ಚಿತ್ರಗಳೇ. ಹಳೆಯ ಘಟನೆಯೊಂದಕ್ಕೆ ಹೊಸ ಊರಿನ ಹೆಸರು ಅಂಟಿಸಿ ಹರಿಯಬಿಟ್ಟಿದ್ದರು. ಆದ್ದರಿಂದ ನಾನು ಮೊದಲ ಸ್ಥಾನ ಕೊಡುವುದು, ಚಿತ್ರವನ್ನೇ ಕೊಟ್ಟು ಅದು ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕುವ ರಿವರ್ಸ್ ಇಮೇಜ್ ಸರ್ಚ್‌ಗೆ.

ಅದರಲ್ಲಿಯೂ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎಂಬ ಹುಡುಕಾಟದ ಸಾಧನಗಳು ಬೇರೆ ಬೇರೆ ಕೆಲಸಕ್ಕೆ ಒದಗುತ್ತವೆ. ಚಿತ್ರದೊಳಗಿನ ಕಟ್ಟಡ, ನಾಮಫಲಕಗಳನ್ನು ಗುರುತಿಸುವುದರಲ್ಲಿ ಲೆನ್ಸ್ ಮುಂದಿದೆಯಾದರೂ, ಹೋಲುವ ಚಿತ್ರಗಳ ರಾಶಿಯನ್ನೇ ಸುರಿಯುವುದರಿಂದ ಮೂಲವನ್ನು ಹೆಕ್ಕಿ ತೆಗೆಯುವುದು ಶ್ರಮದ ಕೆಲಸ. 2008ರಲ್ಲಿ ಆರಂಭವಾದ ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನು, ಅಂಚು ಕತ್ತರಿಸಿದವನ್ನೂ ಸೇರಿಸಿ, ಹುಡುಕಿಕೊಡುತ್ತದೆ; ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಲೂಬಹುದು. ಅಲ್ಲಿನ ದಿನಾಂಕವು ಆ ಪ್ರತಿ ಟಿನ್‌ಐ ಕಣ್ಣಿಗೆ ಬಿದ್ದ ದಿನವೇ ಹೊರತು ಚಿತ್ರ ತೆಗೆದ ದಿನವಲ್ಲ ಎಂಬುದನ್ನು ಮರೆಯಬಾರದು. ನೆರೆ ನುಗ್ಗಿದ ರಸ್ತೆಯಲ್ಲಿ ಕಾರಿನ ಪಕ್ಕ ಶಾರ್ಕ್ ಈಜುವ ಚಿತ್ರ 2011ರಲ್ಲಿ ಐರೀನ್ ಚಂಡಮಾರುತದ ಹೆಸರಿನಲ್ಲಿ ಹರಡಿ, 2017ರಲ್ಲಿ ಹಾರ್ವೆಯ ಹೆಸರಿನಲ್ಲಿ ಮತ್ತೆ ಬಂದಿತು. ಆ ಶಾರ್ಕನ್ನು ದಕ್ಷಿಣ ಆಫ್ರಿಕಾದ ಕಡಲಲ್ಲಿ ಛಾಯಾಗ್ರಾಹಕ ಥಾಮಸ್ ಪೆಶಾಕ್ ತೆಗೆದ ಚಿತ್ರದಿಂದ ಕತ್ತರಿಸಿಕೊಂಡಿದ್ದರು. ಇಂಥ ಜಾಡು ಹಿಡಿಯಲು ಹುಡುಕಾಟಕ್ಕೆ ಸಾಟಿಯಿಲ್ಲ.

ಚಿತ್ರದ ಕಡತದೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿ ಸಿಕ್ಕರೆ ಕ್ಯಾಮೆರಾ, ಸಮಯ, ಕೆಲವೊಮ್ಮೆ ಸ್ಥಳವೂ ತಿಳಿಯುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದೆಲ್ಲ ಅಳಿಸಿಹೋಗುತ್ತದೆ. ಉಳಿದಿದ್ದರೂ ತಿದ್ದುವುದು ಸುಲಭ.

ಎರರ್ ಲೆವೆಲ್ ಅನಾಲಿಸಿಸ್ ಬಗ್ಗೆ ನನಗೆ ಬಹಳ ನಿರೀಕ್ಷೆಯಿತ್ತು. ಜೆಪೆಗ್ ಚಿತ್ರವನ್ನು ಮತ್ತೆ ಸಂಕುಚಿಸಿದಾಗ ತಿದ್ದಿದ ಭಾಗ ಉಳಿದುದಕ್ಕಿಂತ ಭಿನ್ನವಾಗಿ ಬದಲಾಗಬೇಕೆಂಬುದು ಅದರ ತತ್ತ್ವ; ಆ ವ್ಯತ್ಯಾಸ ಪರದೆಯ ಮೇಲೆ ಹೊಳಪಾಗಿ ಕಾಣುತ್ತದೆ. ನನ್ನದೇ ಚಿತ್ರದ ಗೋಡೆಯಿಂದ ಗಡಿಯಾರವೊಂದನ್ನು ಅಳಿಸಿ ಪರೀಕ್ಷಿಸಿದಾಗ ಆ ಜಾಗ ಸ್ಪಷ್ಟವಾಗಿ ಹೊಳೆಯಿತು. ಅದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಇಳಿಸಿಕೊಂಡ ಮೇಲೆ ಗೋಡೆಯೆಲ್ಲ ಒಂದೇ ಸಮನಾಗಿತ್ತು. ತಿದ್ದದ ಚಿತ್ರಗಳಲ್ಲಿಯೂ ಅಕ್ಷರಗಳು, ಚೂಪಾದ ಅಂಚುಗಳು ಹೊಳೆಯುವುದರಿಂದ ಅನುಭವವಿಲ್ಲದವರಿಗೆ ಇದು ದಾರಿತಪ್ಪಿಸುವ ಸಾಧನ.

ಎಐ ಚಿತ್ರಗಳಿಗೆ ಕಣ್ಣಿನ ಪರೀಕ್ಷೆ ಇನ್ನೂ ಬೇಕು. 2023ರಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಜಾಕೆಟ್ ತೊಟ್ಟಂತೆ ಎಐ ಚಿತ್ರಸಾಧನವಾದ ಮಿಡ್‌ಜರ್ನಿಯಲ್ಲಿ ರಚಿಸಿದ್ದ ಚಿತ್ರದಲ್ಲಿ ಬೆರಳುಗಳೇ ಗುಟ್ಟು ಬಿಟ್ಟುಕೊಟ್ಟಿದ್ದವು. ಈಗ ಬೆರಳುಗಳು ಸರಿಯಾಗಿಯೇ ಮೂಡುತ್ತವೆ; ಹಾಗಾಗಿ ಹಿನ್ನೆಲೆಯ ಬರಹ, ನೆರಳಿನ ದಿಕ್ಕು, ಕನ್ನಡಿಯ ಪ್ರತಿಬಿಂಬಗಳನ್ನು ಹಿಗ್ಗಿಸಿ ನೋಡುತ್ತೇನೆ. ಶೇಕಡಾವಾರು ತೀರ್ಪು ಕೊಡುವ ಎಐ ಪತ್ತೆ ತಾಣಗಳನ್ನು ಮಾತ್ರ ನಾನು ಪುರಾವೆಯೆಂದು ಒಪ್ಪುವುದಿಲ್ಲ. ಅದೇ ಚಿತ್ರದ ಗಾತ್ರ ಕುಗ್ಗಿಸಿ ಕೊಟ್ಟಾಗ ಅವುಗಳ ತೀರ್ಪು ಬದಲಾದುದನ್ನು ಕಂಡಿದ್ದೇನೆ.