ಹಳೇ ಐ7-4790 ಡೆಸ್ಕ್‌ಟಾಪು, ಹೊಸ ಐ5-1235ಯು ಲ್ಯಾಪ್‌ಟಾಪು: ಎರಡನ್ನೂ ದುಡಿಸುತ್ತಿರುವವನ ಅನುಭವ

ಗೇಮ್ ಆಡುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಿರಸಿ ಪೇಟೆಯಿಂದ ಒಳಗೆ, ತೋಟದ ಮನೆ ನಮ್ಮದು. ಸುತ್ತಲಿನ ಊರುಗಳಲ್ಲಾಗುವ ಯಕ್ಷಗಾನದ ಆಟ, ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸಿ ಯೂಟ್ಯೂಬಿಗೆ ಹಾಕುತ್ತೇನೆ. ಕೇಳಿದವರಿಗೆ ಪೆನ್‌ಡ್ರೈವಿಗೆ ತುಂಬಿಯೂ ಕೊಡುತ್ತೇನೆ. ಕಾಲಮಿತಿಯ ಆಟವಾದರೂ ಮೂರು ನಾಲ್ಕು ತಾಸಿನ ವಿಡಿಯೋ ಆಗುತ್ತದೆ. ಬೆಳಗಿನವರೆಗಿನದಾದರೆ ಕೇಳುವುದೇ ಬೇಡ. ಹಾಗಾಗಿ ನನ್ನ ಮಟ್ಟಿಗೆ ಪ್ರೊಸೆಸರ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನವಾಗುವುದು ಅದು ಮೊದಲ ನಿಮಿಷ ಎಷ್ಟು ಜೋರಾಗಿ ಓಡಿತು ಎನ್ನುವುದರಿಂದಲ್ಲ, ಮೂರನೇ ತಾಸಿನಲ್ಲಿ ಏನು ಮಾಡುತ್ತಿದೆ ಎನ್ನುವುದರಿಂದ.

ಹಳೆಯದು ಇಂಟೆಲ್ ಕೋರ್ ಐ7-4790, 2014ರ ಚಿಪ್ಪು. ಹುಬ್ಬಳ್ಳಿಯಲ್ಲಿ ಆಫೀಸೊಂದು ಹೊಸ ಯಂತ್ರ ತರಿಸಿ ಹಳೆಯದನ್ನೆಲ್ಲ ಮಾರಿದಾಗ ಸೆಕೆಂಡ್‌ಹ್ಯಾಂಡಿನಲ್ಲಿ ಬಂದದ್ದು. ಹೊಸದು ಐ5-1235ಯು, 2022ರದ್ದು. 2024ರ ಮಾರಿಕಾಂಬಾ ಜಾತ್ರೆಗೆ ಮುಂಚೆ, ಅಡಿಕೆ ದುಡ್ಡು ಕೈಲಿದ್ದಾಗ ತಗೊಂಡ ಲ್ಯಾಪ್‌ಟಾಪಿನಲ್ಲಿರುವುದು ಅದೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಬಂದಾಗಲೆಲ್ಲ ಒಂದೇ ರಾಗ: "ಅದ್ನ ಗುಜರಿಗೆ ಹಾಕು ಮಾವಾ, ಹೊಸಾದೊಂದು ತಗ." ತಗೊಂಡೆ. ಗುಜರಿಗೆ ಮಾತ್ರ ಹಾಕಲಿಲ್ಲ. ಹಾಕದೇ ಇದ್ದದ್ದೇ ಒಳ್ಳೆಯದಾಯಿತು.

ಯಕ್ಷಗಾನದ ವಿಡಿಯೋಕ್ಕೆ ಒಂದು ವಿಶೇಷ ತೊಂದರೆ ಇದೆ. ಕಿರೀಟ, ಭುಜಕೀರ್ತಿ, ಎದೆಪದಕಗಳ ತುಂಬ ಬೇಗಡೆ. ಹಿಂದೆ ಕಪ್ಪು ಪರದೆ, ಎದುರಿಗೆ ಹ್ಯಾಲೊಜನ್ನೋ ಎಲ್‌ಇಡಿಯೋ ನೇರವಾಗಿ ಬಡಿಯುವ ಬೆಳಕು. ವೇಷ ನಿಂತಲ್ಲೇ ನಿಂತು ಅರ್ಥ ಹೇಳುವಾಗ ಏನೂ ಗೊತ್ತಾಗುವುದಿಲ್ಲ. ಚಂಡೆ ಏರಿ ವೇಷ ದಿಗಿಣ ಹೊಡೆಯಲು ಶುರುವಾಯಿತೋ, ಬೇಗಡೆಯ ಒಂದೊಂದು ಚೂರೂ ಫ್ರೇಮಿನಿಂದ ಫ್ರೇಮಿಗೆ ಹೊಳಪು ಬದಲಿಸುತ್ತದೆ. ವಿಡಿಯೋ ಕೆಲಸಕ್ಕೆಂದೇ ಚಿಪ್ಪಿನೊಳಗೆ ಇರುವ ಕ್ವಿಕ್ ಸಿಂಕ್ ಬಳಸಿ ಬೇಗ ಬೇಗ ವಿಡಿಯೋ ಕುಗ್ಗಿಸಿದರೆ ಅಲ್ಲೆಲ್ಲ ಚೌಕ ಚೌಕ ಒಡೆದು, ಕಿರೀಟವೇ ಕರಗಿದ ಹಾಗೆ ಕಾಣುತ್ತದೆ. ಬಿಟ್‌ರೇಟ್ (ಒಂದೊಂದು ಸೆಕೆಂಡಿನ ವಿಡಿಯೋಕ್ಕೆ ಬಳಸುವ ಡೇಟಾ) ಏರಿಸಿದರೆ ಸರಿಹೋಗುತ್ತದೆ, ಆದರೆ ಫೈಲು ದೊಡ್ಡದಾಗುತ್ತದೆ. ನಮ್ಮ ಕಡೆಯ ನೆಟ್ಟಿನಲ್ಲಿ ಆ ಗಾತ್ರ ಅಪ್‌ಲೋಡ್ ಆಗಿ ಮುಗಿಯುವಷ್ಟರಲ್ಲಿ ಮುಂದಿನ ಆಟ ಬಂದಿರುತ್ತದೆ. ಅದಕ್ಕೇ ನಾನು ಹ್ಯಾಂಡ್‌ಬ್ರೇಕ್ ಎನ್ನುವ ತಂತ್ರಾಂಶದಲ್ಲಿ, ವಿಡಿಯೋ ಕುಗ್ಗಿಸುವ ಎಕ್ಸ್264ನ್ನು ನಿಧಾನದ ಸೆಟ್ಟಿಂಗಿನಲ್ಲಿಟ್ಟು, ಪೂರಾ ಸಿಪಿಯು ಮೇಲೇ ಓಡಿಸುವುದು. ಚಿಪ್ಪಿನೊಳಗೆ ಲೆಕ್ಕ ಮಾಡುವ ಭಾಗಗಳಾದ ಕೋರುಗಳೆಲ್ಲವೂ ಬಿಡುವಿಲ್ಲದೆ ತಾಸುಗಟ್ಟಲೆ ದುಡಿಯಬೇಕು.

ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಇದನ್ನು ಓಡಿಸಿದಾಗ ಸೆಕೆಂಡಿಗೆ 40ರ ಹತ್ತಿರ ಫ್ರೇಮ್ ಮುಗಿಸುತ್ತಿದೆ ಎಂದು ತೋರಿಸಿತು. ಹಳೆಯದು 26, 27ರಲ್ಲಿ ಓಡುತ್ತಿದ್ದದ್ದು. ಅಬ್ಬಾ, ದುಡ್ಡು ಕೊಟ್ಟದ್ದಕ್ಕೂ ಸಾರ್ಥಕ ಎಂದುಕೊಂಡು ಚಾ ಮಾಡಿಕೊಂಡು ಬರುವಷ್ಟರಲ್ಲಿ 24ಕ್ಕೆ ಇಳಿದಿತ್ತು. ರಾತ್ರಿಯಿಡೀ ಅದು ಅಲ್ಲಿಂದ ಏಳಲೇ ಇಲ್ಲ. ಹತ್ತು ವರ್ಷ ಹಳೆಯ ಡಬ್ಬಿಗಿಂತ ನಿಧಾನ! ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ ಮಾರಾಯ್ರೇ.

ಇದು ಯಂತ್ರ ಕೆಟ್ಟದ್ದರಿಂದ ಆದದ್ದಲ್ಲ, ಅದನ್ನು ಮಾಡಿರುವುದೇ ಹಾಗೆ. 1235ಯು ಚಿಪ್ಪಿನ ಮೂಲ ಶಕ್ತಿ 15 ವ್ಯಾಟ್. ಟರ್ಬೋದಲ್ಲಿ, ಅಂದರೆ ಜೋರು ಓಟದಲ್ಲಿ, 55 ವ್ಯಾಟಿನವರೆಗೂ ಎಳೆಯಬಲ್ಲದು, ಆದರೆ ಅದು ಸುಮಾರು ಅರ್ಧ ನಿಮಿಷದ ಆಟ. ಆಮೇಲೆ ಲ್ಯಾಪ್‌ಟಾಪ್ ಮಾಡಿದವರು ಎಷ್ಟು ವ್ಯಾಟಿಗೆ ಕಟ್ಟಿಹಾಕಿದ್ದಾರೋ ಅಲ್ಲಿಗೇ ಬಂದು ನಿಲ್ಲುತ್ತದೆ. ತೆಳ್ಳಗಿನ ಮೈ, ಒಂದೇ ಫ್ಯಾನು ಇದ್ದರೆ 15ಕ್ಕೇ ನಿಂತರೂ ಆಶ್ಚರ್ಯವಿಲ್ಲ. ಇದೇ ಚಿಪ್ಪು ಇರುವ ಬೇರೆ ಲ್ಯಾಪ್‌ಟಾಪು ಹೆಚ್ಚು ವ್ಯಾಟಿನಲ್ಲಿ ನಿಲ್ಲಲೂಬಹುದು. ಅಂಗಡಿಯಲ್ಲಿ ಅಂಟಿಸಿರುವ ಸ್ಟಿಕ್ಕರಿನಲ್ಲಿ ಈ ಸಂಖ್ಯೆ ಇರುವುದಿಲ್ಲ. ವೇಗ ಅಳೆಯುವ ಬೆಂಚ್‌ಮಾರ್ಕು ಪರೀಕ್ಷೆಗಳಲ್ಲಿ ಬಹಳಷ್ಟು ಚಿಕ್ಕ ಓಟದವು, ಆ ಅರ್ಧ ನಿಮಿಷದ ಹುಮ್ಮಸ್ಸನ್ನೇ ತೋರಿಸಿ ಮುಗಿಯುತ್ತವೆ. ಹಳೆಯ 4790 ಹಾಗಲ್ಲ, 84 ವ್ಯಾಟಿನ ಡೆಸ್ಕ್‌ಟಾಪ್ ಚಿಪ್ಪು. ನಾಲ್ಕು ಕೋರು, ಎಂಟು ಥ್ರೆಡ್ಡು (ಒಂದೊಂದು ಕೋರಿಗೆ ಎರಡು ಕೆಲಸ), ತಲೆ ಮೇಲೆ ಬಿಸಿ ಹೀರುವ ದೊಡ್ಡ ಹೀಟ್‌ಸಿಂಕು. ಸಂಜೆ ಯಾವ ವೇಗದಲ್ಲಿ ಶುರುಮಾಡಿತೋ ಬೆಳಗಿನ ಜಾವಕ್ಕೂ ಅದೇ ವೇಗ.

ಸಿಟ್ಟು ಇಳಿದ ಮೇಲೆ ಯೋಚಿಸಿದರೆ, ಇದರಲ್ಲಿ ಬೆರಗಾಗುವಂಥದ್ದೂ ಇದೆ. 84 ವ್ಯಾಟ್ ತಿಂದು ಹಳೆಯದು ಮಾಡುವ ಕೆಲಸವನ್ನು ಹೆಚ್ಚುಕಮ್ಮಿ ಅಷ್ಟೇ ವೇಗದಲ್ಲಿ ಇದು 15 ವ್ಯಾಟಿನಲ್ಲಿ ಮಾಡುತ್ತಿದೆ. ಆದರೆ ಆ ರಾತ್ರಿ ನನಗೆ ಬೇಕಾಗಿದ್ದದ್ದು ವೇಗ.

ಇನ್ನೊಂದು ಕಿರಿಕಿರಿ. ಹೊಸ ಚಿಪ್ಪಿನಲ್ಲಿ ಹತ್ತು ಕೋರು ಎನ್ನುತ್ತಾರಲ್ಲ, ಹತ್ತೂ ಒಂದೇ ತರದವಲ್ಲ. ಎರಡು ದೊಡ್ಡವು, ಎಂಟು ಚಿಕ್ಕವು. ಅಡಿಕೆ ಕೊನೆಕೊಯ್ಲಿಗೆ ಮರ ಹತ್ತುವ ಇಬ್ಬರು ಕೊನೆಗೌಡರು, ಸುಲಿಯಲು ಎಂಟು ಜನ ಇದ್ದ ಹಾಗೆ. ಯಾವ ಕೆಲಸ ಯಾರಿಗೆ ಎಂದು ಹಂಚುವುದು ವಿಂಡೋಸು. ಹ್ಯಾಂಡ್‌ಬ್ರೇಕ್ ವಿಂಡೋವನ್ನು ಕೆಳಗಿಳಿಸಿ ಮೇಲ್ ನೋಡಲು ಹೋದರೆ, ಇದು ಹಿನ್ನೆಲೆ ಕೆಲಸವೆಂದು ತಿಳಿದು ಪೂರಾ ಚಿಕ್ಕ ಕೋರುಗಳಿಗೇ ತಳ್ಳಿಬಿಡುತ್ತದೆ. ಮೊದಲೇ ಇಳಿದಿದ್ದ ವೇಗ ಇನ್ನೂ ಇಳಿಯಿತು. ಹ್ಯಾಂಡ್‌ಬ್ರೇಕಿನ ಸೆಟ್ಟಿಂಗಿನಲ್ಲಿ ಆದ್ಯತೆ "ನಾರ್ಮಲ್‌ಗಿಂತ ಕಮ್ಮಿ" ಎಂದಿರುತ್ತದೆ, ಅದನ್ನು "ನಾರ್ಮಲ್" ಮಾಡಿ. ವಿಂಡೋಸಿನ ಪವರ್ ಮೋಡನ್ನೂ ಮೇಲಿನದ್ದಕ್ಕಿಡಿ. ನನಗೆ ಅಷ್ಟರಿಂದಲೇ ಸರಿಹೋಯಿತು.

ಡೆಸ್ಕ್‌ಟಾಪಿನ ಸೇವೆ ಬೇರೆಯದೇ ಕಥೆ. ಘಟ್ಟದ ಮೇಲಿನ ಮಳೆಗಾಲದಲ್ಲಿ ಎಲೆಕ್ಟ್ರಾನಿಕ್ ಸಾಮಾನು ಇಟ್ಟುಕೊಂಡವರಿಗೆ ಗೊತ್ತು, ಬಳಸದೆ ಬಿಟ್ಟರೆ ಬೂಸಲು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇರಲಿ ಇಲ್ಲದಿರಲಿ, ದಿನಕ್ಕೊಮ್ಮೆಯಾದರೂ ಅದನ್ನು ಚಾಲೂ ಮಾಡಿ ಮೈ ಬಿಸಿಯಾಗುವವರೆಗೆ ಬಿಡುತ್ತೇನೆ. ಮಳೆ ಶುರುವಾಗುವ ಮೊದಲು ಪಕ್ಕದ ತಗಡು ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಬ್ಲೋವರ್ ಬಿಡುವುದು (ಹಿಡಿಯದಿದ್ದರೆ ಫ್ಯಾನು ಗಿರಗಿರ ತಿರುಗಿ ಬೇರಿಂಗ್ ಹಾಳು). ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಲ್ಲಿ ಮೆತ್ತಗೆ ಉಜ್ಜುವುದು. ಉಜ್ಜಿದಾಗ ಕಪ್ಪಗೆ ಬರುವ ಪುಡಿಯನ್ನು ಊದಿ, ಟಕ್ ಎಂದು ಎರಡೂ ಕಡೆ ಕ್ಲಿಪ್ ಕೂರುವವರೆಗೆ ಒತ್ತುವುದು. ಒಂದು ವರ್ಷ ಪವರ್ ಸಪ್ಲೈ ಒಳಗೆ ಇರುವೆ ಗೂಡು ಕಟ್ಟಿತ್ತು, ಮೊಟ್ಟೆ ಸಮೇತ. ಮಳೆಗಾಲದಲ್ಲಿ ಹಿಂಬದಿಯ ಬಿಸಿಗಾಳಿಗೆ ಕಾಲುಚೀಲ ಒಣಗುತ್ತದೆ, ಈ ಸೌಲಭ್ಯ ಯಾವ ಲ್ಯಾಪ್‌ಟಾಪಿನಲ್ಲೂ ಇಲ್ಲ. ಆಯಿಗೆ ಮಾತ್ರ ಅದರ ಸದ್ದೇ ಆಗದು. "ತಮಾ, ಆ ಡಬ್ಬಿ ಎಂತಕ್ಕೆ ರಾತ್ರಿಯೆಲ್ಲ ಕೂಗ್ತು?" ಎಂದು ಕೇಳುತ್ತಲೇ ಇರುತ್ತಾಳೆ.

ಲ್ಯಾಪ್‌ಟಾಪಿನ ಮೇಲೆ ನನ್ನ ಮನಸ್ಸು ಮೆತ್ತಗಾದದ್ದು ಆ ಮಳೆಗಾಲದಲ್ಲೇ. ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತೆಂದರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಡೆಸ್ಕ್‌ಟಾಪಿನ ಯುಪಿಎಸ್ಸು ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ತಡೆಯುತ್ತದೆ, ಅಷ್ಟೇ. ರಾತ್ರಿ ಓಡಲು ಬಿಟ್ಟು ಮಲಗಿದವರಿಗೆ ಅದರಿಂದೇನು ಪ್ರಯೋಜನ? ಎಂಪಿ4 ಫೈಲಿನ ಸೂಚಿ ಬರೆಯುವುದು ಕಟ್ಟಕಡೆಗೆ, ಹಾಗಾಗಿ ಮೂರು ತಾಸು ಓಡಿ ನಡುವೆ ನಿಂತರೆ ಅಷ್ಟೂ ಹೊತ್ತಿನ ಕೆಲಸ ನೀರುಪಾಲು, ತೆರೆಯುವುದೇ ಇಲ್ಲ. ಎಂಕೆವಿ ಎನ್ನುವ ಇನ್ನೊಂದು ನಮೂನೆಯ ಫೈಲಿನಲ್ಲಿ ಇಟ್ಟರೆ ನಿಂತಲ್ಲಿಯವರೆಗಿನದ್ದಾದರೂ ಸಾಮಾನ್ಯವಾಗಿ ಓಡುತ್ತದೆ. ಯುಪಿಎಸ್ ನಂಬಿಕೊಂಡವರು ಹಾಗೇ ಮಾಡುವುದು ಮೇಲು.

ಇನ್ವರ್ಟರಿಗೆ ಹಾಕಬಹುದಲ್ಲ ಎನ್ನಬಹುದು. ನಮ್ಮ ಮನೆಯದ್ದು 12 ವೋಲ್ಟಿನ 150 ಎಎಚ್ ಬ್ಯಾಟರಿ. ಕಾಗದದ ಮೇಲೆ 1800 ವ್ಯಾಟ್‌ಅವರ್, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಮ್ಮಿ. ಮಾನಿಟರೂ ಸೇರಿ ನೂರು ವ್ಯಾಟ್ ದಾಟುವ ಡೆಸ್ಕ್‌ಟಾಪನ್ನು ರಾತ್ರಿ ಅದಕ್ಕೆ ಹಚ್ಚಿದರೆ, ಬೆಳಿಗ್ಗೆ ಕೊಟ್ಟಿಗೆಗೆ ಹೋಗಲು ಲೈಟಿಲ್ಲ. ಲ್ಯಾಪ್‌ಟಾಪು ಪರದೆ ಸಮೇತ ಅದರ ಕಾಲುಭಾಗದ ಆಸುಪಾಸಿನಲ್ಲಿ ಮುಗಿಸುತ್ತದೆ. ಮೊನ್ನೆ ಸಿಟ್ಟು ಬರಿಸಿದ್ದ 15 ವ್ಯಾಟೇ ಈಗ ಉಪಕಾರಕ್ಕೆ ಬಂತು. ನಿಧಾನವಾಗಿಯಾದರೂ ರಾತ್ರಿಯಿಡೀ ಓಡಿ, ಬೆಳಿಗ್ಗೆ ಫೈಲು ತಯಾರಿರುತ್ತದೆ. ಕರೆಂಟು ಬಿಲ್ಲಿನಲ್ಲಿ ದೊಡ್ಡ ಉಳಿತಾಯ ಎಂದೆಲ್ಲ ನಾನು ಹೇಳುವುದಿಲ್ಲ. ನಾಲ್ಕು ತಾಸಿನ ಓಟಕ್ಕೆ ಎರಡರ ನಡುವಿನ ವ್ಯತ್ಯಾಸ ಅರ್ಧ ಯೂನಿಟ್ಟೂ ಆಗುವುದಿಲ್ಲ, ನಮ್ಮ ಮನೆ ಗೃಹಜ್ಯೋತಿ ಮಿತಿಯೊಳಗೇ ಇದೆ.

ಎಡಿಟಿಂಗಿಗೆ ಕೂತಾಗಲಂತೂ ಹಳೆಯದರ ಮುಂದೆ ಈಗ ಕೂರಲು ಮನಸ್ಸೇ ಬರುವುದಿಲ್ಲ. ಕ್ಲಿಪ್ ಕತ್ತರಿಸಿದೆ, ಎಳೆದೆ, ಮತ್ತೆ ಪ್ಲೇ ಒತ್ತಿದೆ: ಇಂಥ ಕೆಲಸಕ್ಕೆ ಆ ಅರ್ಧ ನಿಮಿಷದ ಹುಮ್ಮಸ್ಸೇ ಸಾಕು. ಒಂದೊಂದೇ ಕೋರಿನ ಲೆಕ್ಕ ಹಿಡಿದರೆ ಹೊಸದು ಒಂದೂವರೆ ಪಟ್ಟಾದರೂ ಚುರುಕು. ಈಗ ಸಂಘಟಕರು ಮೊಬೈಲಿನಲ್ಲಿ ತೆಗೆದ ತುಣುಕುಗಳನ್ನೂ ಕಳಿಸುತ್ತಾರೆ, ಬಹಳಷ್ಟು ಎಚ್‌ಇವಿಸಿ ಎನ್ನುವ, ಹೆಚ್ಚು ಕುಗ್ಗಿಸುವ ಹೊಸ ನಮೂನೆಯಲ್ಲಿರುತ್ತವೆ. ಅದನ್ನು ಬಿಡಿಸುವ ಪೂರ್ತಿ ಹಾರ್ಡ್‌ವೇರ್ 4790ರೊಳಗೆ ಇಲ್ಲ. ಭಾರವೆಲ್ಲ ಕೋರುಗಳ ಮೇಲೆ ಬಿದ್ದು ಚಂಡೆ ಒಂದು ಕಡೆ, ಕುಣಿತ ಒಂದು ಕಡೆ. ಹೊಸದರಲ್ಲಿ ನೀರು ಹರಿದಂತೆ ಓಡುತ್ತದೆ.

ನಿರೀಕ್ಷೆಯಿಲ್ಲದೆ ಸಿಕ್ಕ ಖುಷಿಯೊಂದನ್ನು ಹೇಳಲೇಬೇಕು. ಲ್ಯಾಪ್‌ಟಾಪಿನಲ್ಲಿ ಬಂದದ್ದು 8 ಜಿಬಿಯ ಒಂದೇ ರ‍್ಯಾಮು, ಪಕ್ಕದ ಸ್ಲಾಟು ಖಾಲಿ. ಗ್ರಾಫಿಕ್ಸ್ ಹೆಸರಿನಲ್ಲಿ ಬರೀ "ಯುಎಚ್‌ಡಿ" ಎಂದು ತೋರಿಸುತ್ತಿತ್ತು. ಅಷ್ಟೇ ಗಾತ್ರದ ಇನ್ನೊಂದನ್ನು ತಂದು ಹಾಕಿ ಚಾಲೂ ಮಾಡಿದರೆ ಹೆಸರೇ ಬದಲಾಗಿ "ಐರಿಸ್ ಎಕ್ಸ್‌ಇ" ಎಂದು ಬಂತು! ಎರಡು ಚಾನೆಲ್ ಮೆಮೊರಿ ಇದ್ದರೆ ಮಾತ್ರ ಇಂಟೆಲ್ ಆ ಹೆಸರು ಕೊಡುವುದಂತೆ. ಹೆಸರು ಹಾಗಿರಲಿ, ಟೈಮ್‌ಲೈನಿನಲ್ಲಿ ಬಣ್ಣ ತಿದ್ದುವಾಗಿನ ತಡವರಿಕೆ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಯಿತು. ಎರಡು ಸಾವಿರದ ಆಸುಪಾಸಿನ ಖರ್ಚಿಗೆ ಇಷ್ಟು ಲಾಭ ಬೇರೆಲ್ಲೂ ಸಿಕ್ಕಿಲ್ಲ. ಕೊಳ್ಳುವಾಗ ಖಾಲಿ ಸ್ಲಾಟ್ ಇದೆಯೋ, ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೋ ಕೇಳಿ. ಪ್ರೊಸೆಸರ್ ಹೆಸರಿಗಿಂತ ಮುಖ್ಯ ಅದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್ಲಿನ ಎಂಟನೇ ತಲೆಮಾರಿಗಿಂತ ಹಿಂದಿನವಕ್ಕೆ ಹೆಚ್ಚುಕಮ್ಮಿ ಜಾಗವೇ ಇಲ್ಲ, 4790 ನಾಲ್ಕನೆಯದು. ಅದಕ್ಕೀಗ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದ್ದೇನೆ, ಹ್ಯಾಂಡ್‌ಬ್ರೇಕ್ ಅದರಲ್ಲೂ ಇದೆ. ಸಂಜೆ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ಒಯ್ದು ಅದಕ್ಕೆ ಹಚ್ಚುವುದು, ಮೋಡ ಕಪ್ಪಾಗಿದ್ದರೆ ಲ್ಯಾಪ್‌ಟಾಪಿನಲ್ಲೇ ಬಿಡುವುದು.

ಒಂದೇ ತಗೊಳ್ಳುವಷ್ಟು ದುಡ್ಡು, ಕರೆಂಟು ಸರಿಯಾಗಿರುವ ಊರು, ಉದ್ದುದ್ದ ವಿಡಿಯೋ ಕುಗ್ಗಿಸುವುದೇ ಕೆಲಸ ಎಂದಾದರೆ ಈ ಯು ಚಿಪ್ಪಿನ ತೆಳ್ಳಗಿನ ಲ್ಯಾಪ್‌ಟಾಪಿಗೆ ದುಡ್ಡು ಹಾಕಬೇಡಿ. ಚಿಪ್ಪಿನ ಹೆಸರು ಎಚ್ ಎಂದು ಕೊನೆಯಾಗುವ ದಪ್ಪನೆಯ ಲ್ಯಾಪ್‌ಟಾಪನ್ನು ನೋಡಿ, ಇಲ್ಲವೇ ಹೊಸ ಡೆಸ್ಕ್‌ಟಾಪನ್ನೇ ಕಟ್ಟಿಸಿ. ನಮ್ಮಂತೆ ಗಾಳಿಮಳೆಯ ಕಡೆ ಇದ್ದರೆ 1235ಯು ಸಾಕು, ಇನ್ನೊಂದು ರ‍್ಯಾಮ್ ಸೇರಿಸಿಕೊಳ್ಳಿ. 4790 ಡಬ್ಬಿಯನ್ನು ಈಗ ದುಡ್ಡು ಕೊಟ್ಟು ತಗೊಳ್ಳಿ ಎಂದು ಯಾರಿಗೂ ಹೇಳಲಾರೆ. ಆ ಚಿಪ್ಪು ಕೂರುವ ಎಲ್‌ಜಿಎ 1150 ಬೋರ್ಡು ಹೋದರೆ ಸಿಗುವುದು ಇನ್ನೊಂದು ಹಳೆಯದೇ. ಯಲ್ಲಾಪುರದ ಒಬ್ಬರು ನನ್ನದನ್ನು ಕೊಡುತ್ತೀರಾ ಎಂದು ಕೇಳುತ್ತಿದ್ದಾರೆ. ಸುಗ್ಗಿಯ ಆಟಗಳೆಲ್ಲ ಮುಗಿಯಲಿ, ಆಮೇಲೆ ನೋಡುವ ಎಂದಿದ್ದೇನೆ.