ಜಿಪಿಯು-28, ಎಂಎಲ್-365, ಎಂಆರ್-6, ಕೆಎಂಆರ್-630: ನಾಲ್ಕು ರಾಗಿ ತಳಿ ವರ್ಷಗಟ್ಟಲೆ ಬೆಳೆದು, ತಿಂದು, ಮಾರಿ ನೋಡಿದ ಮೇಲೆ

ಜೂನ್ ಬಂತೆಂದರೆ ಯಾವ ರಾಗಿ ಹಾಕಲಿ ಅಂತ ಕೇಳುವವರು ಶುರುವಾಗುತ್ತಾರೆ. ಒಂದೇ ಹೆಸರು ಹೇಳಿ ಅಂದರೆ ಜಿಪಿಯು-28 ಅನ್ನುತ್ತೇನೆ. ಆದರೆ ನಿಮ್ಮಲ್ಲಿ ಬಿತ್ತನೆ ಮಳೆ ಯಾವಾಗ ಬೀಳುತ್ತದೆ, ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ, ರಾಗಿ ಮಾರುವುದಕ್ಕೋ ಊಟಕ್ಕೋ, ಇಷ್ಟು ಗೊತ್ತಾಗದೆ ತಳಿ ಹೆಸರು ಹೇಳಿದರೆ ಪ್ರಯೋಜನ ಇಲ್ಲ. ಬೀಜದ ಚೀಲದ ಮೇಲೆ ಬರೆದ ಇಳುವರಿ ನೋಡಿ ತಳಿ ಆರಿಸುವವರೇ ನಮ್ಮ ಕಡೆ ಜಾಸ್ತಿ. ಆ ಇಳುವರಿ ಸುಳ್ಳಲ್ಲ. ಆದರೆ ಸರಿಯಾದ ವಾರದಲ್ಲಿ ಬಿತ್ತಿದವರಿಗೆ ಮಾತ್ರ ಅದು ಸಿಗುತ್ತದೆ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ಖುಷ್ಕಿ ಜಮೀನು, ಕೆಂಪು ಮಣ್ಣು, ಅಲ್ಲಲ್ಲಿ ಗರಸು (ಜಲ್ಲಿ ಮಣ್ಣು). ನೀರಾವರಿ ಇಲ್ಲ. ಕೂರಿಗೆಯಲ್ಲಿ ಬಿತ್ತುತ್ತೇವೆ, ಅಕ್ಕಡಿ ಸಾಲಿಗೆ ಅವರೆ ಮತ್ತು ತೊಗರಿ. ಹಸು ಇವೆ, ಆದ್ದರಿಂದ ಹುಲ್ಲೂ ಬೇಕು. ಮೂರು ಹೊತ್ತಿನಲ್ಲಿ ಒಂದು ಹೊತ್ತಾದರೂ ಮುದ್ದೆ ಇರಲೇಬೇಕು. ಈ ಲೆಕ್ಕದಲ್ಲೇ ಮುಂದಿನದ್ದೆಲ್ಲ ಓದಿ. ನೀರಾವರಿಯಲ್ಲಿ ಪೈರು ನಾಟಿ ಮಾಡುವವರಿಗೆ ಅಂಕಿ ಬೇರೆ ಬರುತ್ತದೆ.

ಮೊದಲು ಜಿಪಿಯು-28. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಿಂದ 1990ರ ದಶಕದಲ್ಲಿ ಬಂದ ತಳಿ. ಇಷ್ಟು ವರ್ಷವಾದರೂ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಹೊಲದಲ್ಲಿ ಕಾಣುವುದು ಇದೇ, ಅದಕ್ಕೆ ಗಟ್ಟಿ ಕಾರಣ ಇದೆ. ಅದಕ್ಕೂ ಮುಂಚೆ ನಮ್ಮ ಅಪ್ಪನ ಕಾಲದಲ್ಲಿ ಇಂಡಾಫ್ ತಳಿಗಳದ್ದೇ ರಾಜ್ಯ. ಮಂಡ್ಯದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ತಳಿಗಳು ಅವು. ತೆನೆ ದಪ್ಪ, ಇಳುವರಿ ಜಾಸ್ತಿ, ಹಳ್ಳಿಹಳ್ಳಿಯ ಹೊಟ್ಟೆ ತುಂಬಿಸಿದ ರಾಗಿ. ಆದರೆ ನಮ್ಮ ಹೊಲದಲ್ಲಿ ಇಂಡಾಫ್-5ಕ್ಕೆ ಬೆಂಕಿ ರೋಗ ಬಿಡುತ್ತಲೇ ಇರಲಿಲ್ಲ. ಜಿಪಿಯು-28 ಹುಟ್ಟಿದ್ದು ಅದೇ ಇಂಡಾಫ್-5 ಮತ್ತು ಇಂಡಾಫ್-9ರ ಸಂಕರದಿಂದ, ಜೊತೆಗೆ ರೋಗ ತಡೆಯುವ ಐಇ-1012 ಅನ್ನುವ ತಳಿ ಸೇರಿದೆ. ಹಳೆಯದರ ತೆನೆ ಉಳಿಯಿತು, ರೋಗಕ್ಕೆ ಬಗ್ಗದ ಗುಣ ಹೊಸದಾಗಿ ಬಂತು.

ಬೆಂಕಿ ರೋಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಖುಷ್ಕಿ ರಾಗಿಯಲ್ಲಿ ಕೈಗೆ ಬಂದದ್ದು ಬಾಯಿಗೆ ಬಾರದ ಹಾಗೆ ಮಾಡುವುದು ಇದೇ. ಎಳೆ ಪೈರಿನಲ್ಲಿ ಎಲೆ ಮೇಲೆ ಕಣ್ಣಿನ ಆಕಾರದ ಮಚ್ಚೆ, ನಡುವೆ ಬೂದು ಬಣ್ಣ, ಅಂಚು ಕಂದು. ಇದನ್ನು ನೋಡಿ ಎಲ್ಲರೂ ಗಾಬರಿಯಾಗುತ್ತಾರೆ, ಆದರೆ ಪೈರು ದೊಡ್ಡದಾದ ಮೇಲೆ ಎಷ್ಟೋ ಸಲ ಅದನ್ನು ದಾಟಿಕೊಳ್ಳುತ್ತದೆ. ನಿಜವಾದ ನಷ್ಟ ತೆನೆ ಬಂದಾಗ. ತೆನೆಯ ಕೆಳಗೆ ಕುತ್ತಿಗೆ ಕಪ್ಪಗಾಗಿ ಕೊಳೆಯುತ್ತದೆ, ಕಾಳಿಗೆ ಹೋಗುವ ಆಹಾರ ಅಲ್ಲೇ ನಿಲ್ಲುತ್ತದೆ, ತೆನೆ ಪೂರ್ತಿ ಜೊಳ್ಳು. ಇಲ್ಲವೇ ತೆನೆಯ ಬೆರಳುಗಳಂಥ ಇಲುಕುಗಳು ತುದಿಯಿಂದ ಒಂದೊಂದಾಗಿ ಒಣಗುತ್ತಾ ಬರುತ್ತವೆ. ತೆನೆ ಬರುವ ಹೊತ್ತಿಗೆ ಮೋಡ, ಜಿಟಿಜಿಟಿ ಮಳೆ, ಬೆಳಗಿನ ಇಬ್ಬನಿ ಮೂರೂ ಸೇರಿದರೆ ವಾರದೊಳಗೆ ಹೊಲ ಬಣ್ಣ ಬದಲಿಸುತ್ತದೆ. ಯೂರಿಯಾ ಜಾಸ್ತಿ ಕೊಟ್ಟ ಹೊಲದಲ್ಲಂತೂ ಇನ್ನೂ ಬೇಗ.

2022ರಲ್ಲಿ ಇದನ್ನು ಚೆನ್ನಾಗಿ ನೋಡಿದೆವು. ಆ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೂ ಮಳೆ, ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನಮ್ಮ ಬದುವಿನ ಆ ಕಡೆ ಹೊಲದವರು ಮನೆಯಲ್ಲೇ ಇಟ್ಟಿದ್ದ ಬೆರಕೆ ಬೀಜ ಹಾಕಿದ್ದರು. ದೂರದಿಂದ ನೋಡಿದರೆ ಬೆಳೆ ಸೊಗಸಾಗಿತ್ತು, ಹತ್ತಿರ ಹೋಗಿ ತೆನೆ ಹಿಡಿದರೆ ಕುತ್ತಿಗೆ ಕಪ್ಪು, ಹಿಂಡಿದರೆ ಕಾಳಿಲ್ಲ. ಬದುವಿನ ಈ ಕಡೆ ಜಿಪಿಯು-28. ಎಲೆ ಮೇಲೆ ಮಚ್ಚೆ ನಮ್ಮದಕ್ಕೂ ಬಂದಿತ್ತು, ಅಲ್ಲೊಂದು ಇಲ್ಲೊಂದು ಇಲುಕು ಒಣಗಿದ್ದೂ ಇತ್ತು, ಆದರೆ ಕುತ್ತಿಗೆ ಗಟ್ಟಿಯಾಗಿ ನಿಂತಿತು. ಔಷಧಿ ಹೊಡೆಯಲೇ ಇಲ್ಲ. ಒಂದು ಬದು ಅಡ್ಡ, ಅದೇ ಮಳೆ, ಅದೇ ಗಾಳಿ. ಅವತ್ತಿನಿಂದ ನಮ್ಮ ಮುಖ್ಯ ಬೆಳೆ ಯಾವುದು ಅನ್ನುವ ಚರ್ಚೆ ಮನೆಯಲ್ಲಿ ನಿಂತುಹೋಯಿತು.

ಇಳುವರಿ? ಒಳ್ಳೆ ವರ್ಷದಲ್ಲಿ ಎಕರೆಗೆ 11-12 ಕ್ವಿಂಟಲ್, ಸಾಧಾರಣ ವರ್ಷದಲ್ಲಿ 8-9. ಅವಧಿ 110ರಿಂದ 115 ದಿನ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಪುಷ್ಯ ಮತ್ತು ಆಶ್ಲೇಷ ಮಳೆಗೆ ಬಿತ್ತಿದರೆ ನಮ್ಮಲ್ಲಿ ಚೆನ್ನಾಗಿ ಬರುತ್ತದೆ. ಕೊರತೆ ಅಂದರೆ ಹುಲ್ಲು. ಎಂಆರ್-6 ಹಾಕಿದಾಗ ಆಗುವ ಮೆದೆಗೂ ಇದರ ಮೆದೆಗೂ ಬಹಳ ವ್ಯತ್ಯಾಸ ಇದೆ.

ಎಂಆರ್-6 ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ತಳಿ, 120-125 ದಿನದ್ದು. ಎತ್ತರ ಬೆಳೆಯುತ್ತದೆ, ತೆಂಡೆ (ಬುಡದ ಕವಲು) ಚೆನ್ನಾಗಿ ಒಡೆಯುತ್ತದೆ, ಹುಲ್ಲು ಧಾರಾಳ. ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ಹದ ಮಳೆ ಸಿಕ್ಕಿದರೆ ಇಳುವರಿಯಲ್ಲಿ ಜಿಪಿಯು-28ನ್ನು ಹಿಂದಿಕ್ಕುತ್ತದೆ, ನನ್ನ ಹೊಲದಲ್ಲಿ ಎಕರೆಗೆ ಒಂದೆರಡು ಕ್ವಿಂಟಲ್ ಜಾಸ್ತಿಯೇ ಬಂದಿದೆ. ಆದರೆ ಆ ಹದ ನಮ್ಮ ಕಡೆ ಪ್ರತಿ ವರ್ಷ ಎಲ್ಲಿ ಸಿಗುತ್ತದೆ? ತಡವಾಗಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಭೂಮಿಯಲ್ಲಿ ತೇವ ಇರುವುದಿಲ್ಲ.

2021ರ ನವೆಂಬರ್ ಮಳೆ ನೆನಪಿರಬೇಕು ಎಲ್ಲರಿಗೂ. ಹಳೆ ಮೈಸೂರಿನ ಪೂರ್ತಿ ರಾಗಿ ಕೊಯ್ಲಿಗೆ ನಿಂತಿದ್ದಾಗ ಬಂದ ಮಳೆ ಅದು. ಪುನರ್ವಸು ಮಳೆಗೆ ಬಿತ್ತಿದ್ದ ಎಂಆರ್-6 ಅಷ್ಟರಲ್ಲಿ ಪೂರ್ತಿ ಬಲಿತಿತ್ತು. ಎತ್ತರದ ಬೆಳೆ, ತೆನೆಯ ಭಾರ, ಮೇಲೆ ಮಳೆ. ಮಲಗಿಬಿಟ್ಟಿತು. ನೆಲಕ್ಕೆ ತಾಗಿದ ತೆನೆಯಲ್ಲಿ ಕಾಳು ಅಲ್ಲೇ ಮೊಳಕೆ ಒಡೆಯಿತು. ಕೊಯ್ದು ಒಣಗಲು ಹೊಲದಲ್ಲೇ ಅರಿ ಬಿಟ್ಟಿದ್ದವರ ಪಾಡು ಇನ್ನೂ ಕಷ್ಟ. ಆಶ್ಲೇಷದಲ್ಲಿ ಹಾಕಿದ್ದ ಜಿಪಿಯು-28 ಇನ್ನೂ ಪೂರ್ತಿ ಬಲಿತಿರಲಿಲ್ಲ, ಅರ್ಧಂಬರ್ಧ ಬಾಗಿದರೂ ಎದ್ದುಕೊಂಡಿತು, ಬಣ್ಣ ಸ್ವಲ್ಪ ಮಾಸಿದ್ದು ಬಿಟ್ಟರೆ ಊಟಕ್ಕೆ ಸಿಕ್ಕಿತು. ಇದರಲ್ಲಿ ತಳಿಯ ಗುಣ ಎಷ್ಟು, ಬಿತ್ತಿದ ದಿನಾಂಕ ಎಷ್ಟು ಅಂತ ಕೇಳಿದರೆ ದಿನಾಂಕವೇ ಜಾಸ್ತಿ ಅನ್ನುತ್ತೇನೆ. ಅದಕ್ಕೇ ಈಗ ಇಡೀ ಹೊಲಕ್ಕೆ ಒಂದೇ ತಳಿ, ಒಂದೇ ದಿನ ಬಿತ್ತುವುದಿಲ್ಲ. ನೀವೂ ಹಾಗೆ ಮಾಡಬೇಡಿ. ಎರಡು ತಳಿ, ಹದಿನೈದು ದಿನದ ಅಂತರ, ಅಷ್ಟು ಸಾಕು.

ಇನ್ನು ಎಂಎಲ್-365. ಇದೂ ಜಿಕೆವಿಕೆಯದ್ದೇ, ಬರ ತಡೆದುಕೊಳ್ಳುವ ತಳಿ ಅಂತಲೇ ಹೆಸರಾದದ್ದು. ಬರೀ ಮಾತೋ ನಿಜವೋ ಅನ್ನುವುದು 2023ರಲ್ಲಿ ಗೊತ್ತಾಯಿತು. ಆ ವರ್ಷದ ಆಗಸ್ಟ್‌ನಷ್ಟು ಒಣ ಆಗಸ್ಟ್ 1901ರಿಂದೀಚೆಗೆ ದೇಶದಲ್ಲೇ ಇರಲಿಲ್ಲ. ಬಿತ್ತಿದ ಮೇಲೆ ಕುಂಟೆ ಹೊಡೆಯುವುದಕ್ಕೂ ಹದ ಇಲ್ಲ, ಪೈರಿನ ಎಲೆಗಳು ಮಧ್ಯಾಹ್ನಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಎಂಎಲ್-365, ಜಿಪಿಯು-28 ಎರಡೂ ಸುತ್ತಿಕೊಂಡವು. ವ್ಯತ್ಯಾಸ ಕಂಡದ್ದು ಸೆಪ್ಟೆಂಬರ್‌ನಲ್ಲಿ ಅಲ್ಪಸ್ವಲ್ಪ ಮಳೆ ಬಿದ್ದಾಗ. ಎಂಎಲ್-365 ಬೇಗ ಚೇತರಿಸಿಕೊಂಡು ಹೊಸ ತೆಂಡೆ ಹಾಕಿತು, ಜಿಪಿಯು-28 ಹಾಗೇ ಗಿಡ್ಡವಾಗಿ ಉಳಿದು ಸಣ್ಣ ತೆನೆ ಬಿಟ್ಟಿತು. ಕೊನೆಗೆ ಎಂಎಲ್-365 ಎಕರೆಗೆ ಐದೂವರೆ ಕ್ವಿಂಟಲ್ ಹತ್ತಿರ ಬಂತು, ಜಿಪಿಯು-28 ನಾಲ್ಕು ಮುಟ್ಟಲಿಲ್ಲ. ಬರಗಾಲದಲ್ಲಿ ಆ ಒಂದೂವರೆ ಕ್ವಿಂಟಲ್ ಅಂದರೆ ನಮ್ಮ ಮನೆಯ ತಿಂಗಳುಗಟ್ಟಲೆ ಊಟ. ಗರಸು ಭೂಮಿ, ದಿಬ್ಬದ ಮೇಲಿನ ಹೊಲ ಇರುವವರು ಯೋಚನೆ ಮಾಡದೆ ಇದನ್ನೇ ಹಾಕಿ.

ಬೆಂಕಿ ರೋಗಕ್ಕೆ ಎಂಎಲ್-365 ಕೂಡ ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ 2022ರಲ್ಲಿ ಜಿಪಿಯು-28ಕ್ಕಿಂತ ಇದರಲ್ಲಿ ಒಣಗಿದ ಇಲುಕು ಜಾಸ್ತಿ ಕಂಡೆ. ತಗ್ಗಿನ, ತೇವ ನಿಲ್ಲುವ ಹೊಲಕ್ಕೆ ನಾನು ಇದನ್ನು ಹಾಕುವುದಿಲ್ಲ.

ಕೆಎಂಆರ್-630 ಇವುಗಳಲ್ಲಿ ಹೊಸದು, ಮಂಡ್ಯದ್ದು, 95-100 ದಿನಕ್ಕೆ ಕೊಯ್ಲು. ಮಳೆ ಕೈಕೊಟ್ಟು ಆಗಸ್ಟ್ ಕೊನೆಗೆ ಬಿತ್ತನೆ ಬಿದ್ದರೆ ಇದನ್ನೇ ಹಾಕಬೇಕು. ಮೊದಲೆಲ್ಲ ಆ ಹೊತ್ತಿಗೆ ಇಂಡಾಫ್-9 ಅಥವಾ ಜಿಪಿಯು-48 ಹಾಕುತ್ತಿದ್ದೆವು. ಇದು ಅವೆರಡಕ್ಕಿಂತ ತೆನೆಯಲ್ಲಿ ವಾಸಿ, ಕುತ್ತಿಗೆ ರೋಗವೂ ಕಡಿಮೆ. ಎತ್ತರ ಸಾಧಾರಣ, ಹೀಗಾಗಿ ಯಂತ್ರದಲ್ಲಿ ಕೊಯ್ಯುವವರಿಗೆ ಅನುಕೂಲ. ಹುಲ್ಲು ಕೇಳಬೇಡಿ. ಹಸು ಇರುವವರು ಪೂರ್ತಿ ಜಮೀನಿಗೆ ಇದನ್ನು ಹಾಕಿದರೆ ಬೇಸಿಗೆಯಲ್ಲಿ ಹುಲ್ಲು ಕೊಳ್ಳಬೇಕಾಗುತ್ತದೆ, ರಾಗಿಯಲ್ಲಿ ಉಳಿದದ್ದು ಹುಲ್ಲಿಗೆ ಹೋಗುತ್ತದೆ.

ಬಿಳಿ ರಾಗಿ ಕೆಎಂಆರ್-340 ಬಗ್ಗೆಯೂ ಕೇಳುತ್ತಾರೆ. ಸ್ವಲ್ಪ ಜಾಗದಲ್ಲಿ ಹಾಕಿ ನೋಡಿದ್ದೇನೆ. ಬೇಗ ಬರುತ್ತದೆ, ಹಿಟ್ಟು ಬೆಳ್ಳಗೆ, ಬಿಸ್ಕತ್ತು, ಮಾಲ್ಟ್ ಮಾಡುವವರಿಗೆ ಹೇಳಿ ಮಾಡಿಸಿದ್ದು. ಕಂದು ರಾಗಿಯ ಒಗರು ಇದಕ್ಕಿಲ್ಲ, ಹಾಗಾಗಿ ಹಕ್ಕಿ ಕಾಟ ಜಾಸ್ತಿ. ಕೊಳ್ಳುವವರು ಮೊದಲೇ ಗೊತ್ತಿದ್ದರೆ ಮಾತ್ರ ಬೆಳೆಯಿರಿ.

ಈಗ ಕಾಳಿನ ಗುಣ, ಅಂದರೆ ಮುದ್ದೆ. ಇಳುವರಿ ಬಗ್ಗೆ ಬರೆಯುವವರು ಎಷ್ಟೋ ಜನ ಇದ್ದಾರೆ, ಇದನ್ನು ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ತೀರ್ಪು ಅಮ್ಮನದು. ಎಸರಿಗೆ ಎಷ್ಟು ಹಿಟ್ಟು ಹಿಡಿಯುತ್ತದೆ, ತಿರುವುವಾಗ ಗಂಟಾಗುತ್ತದಾ, ಬೆಳಗ್ಗೆ ಮಾಡಿದ ಮುದ್ದೆ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದಾ, ಮೆತ್ತಗೇ ಇರುತ್ತದಾ ಅಂತ ಅಮ್ಮ ನೋಡುತ್ತಾರೆ. ಇದರಲ್ಲಿ ಎಂಎಲ್-365ಕ್ಕೆ ಮೊದಲ ಸ್ಥಾನ. ಹಿಟ್ಟು ನುಣ್ಣಗೆ, ಮುದ್ದೆ ಹೊಳೆಯುತ್ತದೆ, ಹೊತ್ತಾದರೂ ಬಿರುಕು ಬಿಡುವುದಿಲ್ಲ. ಜಿಪಿಯು-28 ಅದರ ಹಿಂದೆಯೇ ಇದೆ, ರೊಟ್ಟಿಗಂತೂ ಅದೇ ವಾಸಿ ಅನ್ನುತ್ತಾರೆ ಅಮ್ಮ. ಎಂಆರ್-6 ಕಾಳು ನೋಡಲು ಚೆಂದ, ಮುದ್ದೆ ಮಾತ್ರ ಸ್ವಲ್ಪ ಬಿರುಸು. ಕೆಎಂಆರ್-630 ಪರವಾಗಿಲ್ಲ, ಅಂಬಲಿ, ಹುರಿಹಿಟ್ಟಿಗೆ ಚೆನ್ನಾಗಿದೆ. ಒಂದು ಮಾತು: ಹೊಸ ರಾಗಿಯನ್ನು ಒಕ್ಕಣೆಯಾದ ವಾರಕ್ಕೇ ಬೀಸಿ ಮುದ್ದೆ ಮಾಡಿ ತಳಿಯನ್ನು ಬೈಯಬೇಡಿ. ಎರಡು ಮೂರು ತಿಂಗಳು ಕಳೆದ ಮೇಲೆ ಯಾವ ರಾಗಿಯದ್ದಾದರೂ ರುಚಿ ಕೂಡುತ್ತದೆ.

ಮಾರುವಾಗ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ, ಅದೇ ಬೇಜಾರು. ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲ್‌ಗೆ 4290 ರೂಪಾಯಿ ಇತ್ತು, 2025-26ಕ್ಕೆ 4886 ಆಗಿತ್ತು. ಖರೀದಿ ಕೇಂದ್ರದಲ್ಲಿ ತೇವಾಂಶ, ಮಣ್ಣು, ಕಲ್ಲು ನೋಡುತ್ತಾರೆ, ತಳಿ ಯಾವುದು ಅಂತ ಯಾರೂ ಕೇಳುವುದಿಲ್ಲ. ಹೊರಗಿನ ವ್ಯಾಪಾರಿ ಬಣ್ಣ ನೋಡುತ್ತಾನೆ. ಒಳ್ಳೆ ಮುದ್ದೆಯಾಗುವ ರಾಗಿಗೆ ನಾಲ್ಕು ಕಾಸು ಜಾಸ್ತಿ ಸಿಗಬೇಕಾದರೆ ಬೆಂಗಳೂರಿನ ಮನೆಗಳಿಗೆ ನೇರವಾಗಿ ಕೊಡಬೇಕು. ನಾನು ಎಂಎಲ್-365ನ್ನು ಹಾಗೇ ಕೊಡುತ್ತಿದ್ದೇನೆ. ಒಮ್ಮೆ ತೆಗೆದುಕೊಂಡವರು ಮತ್ತೆ ಅದನ್ನೇ ಕೇಳುತ್ತಾರೆ.

ಬೀಜದ ವಿಷಯ. ಒಂದು ವರ್ಷ ಪೇಟೆಯ ಒಂದು ಅಂಗಡಿಯಿಂದ ಎಂಎಲ್-365 ಅಂತ ಕೊಟ್ಟ ಬೀಜದಲ್ಲಿ ತೆನೆ ಬಂದಾಗ ಮೂರು ಥರದ ರಾಗಿ ಕಂಡಿತು. ಕೆಲವು ಬಲಿತಿವೆ, ಕೆಲವು ಇನ್ನೂ ಹೂವು. ಕೊಯ್ಲು ಯಾವಾಗ ಮಾಡುವುದು? ಕೇಳಲು ಹೋದರೆ ರಸೀದಿಯಲ್ಲಿ ತಳಿ ಹೆಸರೇ ಇರಲಿಲ್ಲ. ಅದಕ್ಕೆ ಹೇಳುತ್ತೇನೆ, ರೈತ ಸಂಪರ್ಕ ಕೇಂದ್ರದಿಂದಲೋ ವಿಶ್ವವಿದ್ಯಾಲಯದಿಂದಲೋ ತನ್ನಿ, ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯಾ ನೋಡಿ, ರಸೀದಿಯಲ್ಲಿ ತಳಿ ಹೆಸರು ಬರೆಸಿ. ನವೆಂಬರ್ ಹೊತ್ತಿಗೆ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದರೆ ಇನ್ನೂ ಒಳ್ಳೆಯದು, ಹೊಲದಲ್ಲಿ ನಿಂತ ಬೆಳೆಯನ್ನೇ ಮುಟ್ಟಿ ನೋಡಬಹುದು. ಇವು ಹೈಬ್ರಿಡ್ ಅಲ್ಲ, ರಾಗಿ ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಒಳ್ಳೆ ಬೀಜ ಒಂದು ಸಲ ತಂದರೆ ಮೂರು ವರ್ಷ ಮನೆಯದ್ದೇ ಹಾಕಬಹುದು. ಕೊಯ್ಲಿಗೆ ಮುಂಚೆ ಬೇರೆ ಥರದ ತೆನೆ ಕಿತ್ತು, ಹೊಲದ ನಡುವಿನ ಒಳ್ಳೆ ತೆನೆ ಆರಿಸಿ ಬೇರೆಯಾಗಿ ಬಡಿದಿಡಿ. ಬಿತ್ತುವ ಮುಂಚೆ ಒಂದು ಕೆಜಿ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಹಚ್ಚಿ. ಕೂರಿಗೆಗೆ ಎಕರೆಗೆ 5 ಕೆಜಿ ಬೀಜ ಸಾಕು. ಒಟ್ಲು (ಸಸಿ ಮಡಿ) ಬಿಟ್ಟು ನಾಟಿ ಮಾಡುವವರಿಗೆ 2 ಕೆಜಿ.

ಅಂಕ ಕೊಡಿ ಅಂದರೆ, ಐದಕ್ಕೆ ಜಿಪಿಯು-28ಕ್ಕೆ ನಾಲ್ಕೂವರೆ, ಎಂಎಲ್-365ಕ್ಕೂ ನಾಲ್ಕೂವರೆ, ಕೆಎಂಆರ್-630ಕ್ಕೆ ನಾಲ್ಕು, ಎಂಆರ್-6ಕ್ಕೆ ಮೂರೂವರೆ. ಬೋರ್‌ವೆಲ್ ಇದ್ದು ಜುಲೈ ಮೊದಲಲ್ಲೇ ನಾಟಿ ಮಾಡುವವರಾದರೆ ಎಂಆರ್-6ಕ್ಕೆ ಇನ್ನೊಂದು ಅಂಕ ಸೇರಿಸಿಕೊಳ್ಳಿ.

ಈ ಸಲ ತಗ್ಗಿನ ಹೊಲಕ್ಕೆ ಜಿಪಿಯು-28, ಗರಸಿಗೆ ಎಂಎಲ್-365. ಕೆಎಂಆರ್-630 ಬೀಜ ಒಂದು ಚೀಲ ತಂದಿಟ್ಟಿದ್ದೇನೆ, ಆಶ್ಲೇಷ ಕೈಕೊಟ್ಟರೆ ಮಾತ್ರ ಅದನ್ನು ಬಿಚ್ಚುವುದು. ಚಿತ್ರದುರ್ಗ, ಕೋಲಾರದ ಕಡೆ ಇವೇ ತಳಿ ಬೆಳೆದವರು ಇದ್ದರೆ ಬಿತ್ತಿದ ಮಳೆ ಯಾವುದು, ಮಣ್ಣು ಎಂಥದ್ದು ಅನ್ನುವುದನ್ನೂ ಸೇರಿಸಿ ಬರೆಯಿರಿ. ಬರೀ ಕ್ವಿಂಟಲ್ ಲೆಕ್ಕ ಬರೆದರೆ ಬೇರೆಯವರಿಗೆ ಉಪಯೋಗ ಆಗುವುದಿಲ್ಲ.